ಆ ಎಡಗೈ

ಇವತ್ತು ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ತು. ಇಯರ್‌ಫೋನ್ ಹಾಕ್ಕೊಂಡು ಅಮೆರಿಕದ ಜಾಝ್ ಪಿಯಾನೋ ವಾದಕ ಆರ್ಟ್ ಟೇಟಮ್‌ನ ‘ಟೈಗರ್ ರ್ಯಾಗ್’ ಕೇಳ್ದೆ.

1933ರ ಮಾರ್ಚ್. ನ್ಯೂಯಾರ್ಕ್. ಬ್ರನ್ಸ್‌ವಿಕ್ ಅನ್ನೋ ರೆಕಾರ್ಡ್ ಕಂಪನಿಗೆ ಒಬ್ಬನೇ ಕೂತು ನುಡಿಸಿದ್ದು. ಆಗ ಅವನಿಗೆ ಇನ್ನೂ 23.

ಶುರುವಲ್ಲಿ ಯಾವ ಅವಸರವೂ ಇಲ್ಲ. ನಿಧಾನಕ್ಕೆ, ತೇಲ್ತಾ ತೇಲ್ತಾ ಕೆಲವು ಸ್ವರ. ಇದ್ದಕ್ಕಿದ್ದಂಗೆ ಓಟ ಕೀಳ್ತಾನೆ ನೋಡಿ!

ಎಲ್ರೂ ಬಲಗೈ ಮಿಂಚನ್ನೇ ಹೊಗಳ್ತಾರೆ. ನಾನು ಇವತ್ತು ಬರೀ ಎಡಗೈ ಹಿಂದೆ ಹೋದೆ. ಕೆಳಗೆ ಮಂದ್ರದಲ್ಲಿ ಒಂದು ಸ್ವರ, ಅಲ್ಲಿಂದ ಹಾರಿ ನಡುವಲ್ಲಿ ಒಂದು ಕಾರ್ಡ್ (ಕೆಲವು ಸ್ವರ ಒಟ್ಟಿಗೆ), ಮತ್ತೆ ಕೆಳಗೆ, ಮತ್ತೆ ಮೇಲೆ. ಅದಕ್ಕೆ ಸ್ಟ್ರೈಡ್ ಅಂತಾರೆ. ಆ ವೇಗದಲ್ಲಿ ಕೈ ಗಾಳಿಯಲ್ಲೇ ಇರ್ಬೇಕು, ಆದ್ರೂ ಇಳಿಯೋ ಜಾಗ ತಪ್ಪಲ್ಲ.

ಅವನಿಗೆ ಒಂದು ಕಣ್ಣು ಕಾಣ್ತಿರ್ಲಿಲ್ಲ. ಇನ್ನೊಂದರಲ್ಲಿ ಅಲ್ಪಸ್ವಲ್ಪ ದೃಷ್ಟಿ, ಅಷ್ಟೇ.

ಆ ಕಾಲದಲ್ಲಿ ತುಣುಕು ತುಣುಕಾಗಿ ನುಡಿಸಿ ಜೋಡಿಸೋ ಅನುಕೂಲವೂ ಇಲ್ಲ. ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಮೊದಲಿಂದ ಕೊನೇವರೆಗೂ ಒಂದೇ ಉಸಿರು.

ಅಲಂಕಾರ ಜಾಸ್ತಿ ಅಂತ ಅವನ ಮೇಲೆ ಒಂದು ದೂರು ಇದೆ. ನಾನಂತೂ ಒಪ್ಪಲ್ಲ. ಅದೇ ಸಲ ರೆಕಾರ್ಡ್ ಆದ ‘ಟೀ ಫಾರ್ ಟೂ’ ಕೇಳಿ. ರಾಗ ಅದೇ, ಆದ್ರೆ ಅದರಡಿ ಕಾರ್ಡ್‌ಗಳು ಎಲ್ಲೆಲ್ಲಿಗೋ ಹೋಗಿ ಸರಿಯಾದ ಹೊತ್ತಿಗೆ ಮನೆಗೆ ಬರ್ತವೆ. ಅದು ಅಲಂಕಾರ ಅಲ್ಲ, ಯೋಚನೆ.

ಕೇಳಿದವರಿದ್ರೆ ಕಮೆಂಟಲ್ಲಿ ಹೇಳಿ, ನಿಮಗೆ ಎರಡರಲ್ಲಿ ಯಾವುದು ಇಷ್ಟ?