ಅಮ್ಮನ ಸೀರೆಯ ಕೆಂಪು

ನಮ್ಮ ಪಡಸಾಲೆಯ ಗೋಡೆಯಲ್ಲಿರುವ ಅಪ್ಪ ಅಮ್ಮನ ಮದುವೆಯ ಫೋಟೋ 1974ರದು, ಕಪ್ಪು ಬಿಳುಪು. ಅಮ್ಮ ಉಟ್ಟಿರುವುದು ಇಳಕಲ್ ಸೀರೆ ಎಂಬುದು ಸೆರಗಿನ ತೋಪ್ ತೆನಿ ವಿನ್ಯಾಸ ನೋಡಿದರೆ ಸಾಕು, ತಿಳಿಯುತ್ತದೆ. ಸೆರಗು ಕೆಂಪೇ ಇರಬೇಕು, ಇಳಕಲ್ಲಿನ ರೂಢಿ ಅದು. ಒಡಲು? ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಕೆಂಪೂ ಹಸಿರೂ ಹೆಚ್ಚು ಕಡಿಮೆ ಒಂದೇ ಬೂದುಬಣ್ಣವಾಗಿ ಕುಳಿತುಬಿಡುತ್ತವೆ. ಒಡಲೂ ಕೆಂಪೇ ಎನ್ನುತ್ತಾಳೆ ಅಮ್ಮ. ಎಂಥ ಕೆಂಪು ಎಂದು ಕೇಳಿದರೆ ಒಂದು ದಿನ ದಾಳಿಂಬೆ ಎನ್ನುತ್ತಾಳೆ, ಇನ್ನೊಂದು ದಿನ ಗಿರಿಕುಂಕುಮ. ಸೀರೆ ಹರಿದು ಕೌದಿಯಾಯಿತು, ಕೌದಿ ಸವೆದು ನೆಲ ಒರೆಸುವ ಬಟ್ಟೆಯಾಯಿತು. ಕೇಳಿ ನೋಡೋಣವೆಂದರೆ ಸಾಕ್ಷಿಯೇ ಉಳಿದಿಲ್ಲ.

ಒಂದು ವರ್ಷ ಕೆಂಪನ್ನಷ್ಟೇ ಫೋಟೋ ತೆಗೆಯುತ್ತೇನೆ ಎಂದು ನಾನು ನಿರ್ಧರಿಸಿದ್ದು ಆ ಫೋಟೋದ ಎದುರು ನಿಂತೇ. ಸಾಗರದ ಕಡೆ ಚಿತ್ತಾರದ ಗೋಡೆಗೆ ಬಳಿದ ಕೆಮ್ಮಣ್ಣು, ಎಲೆಯೆಲ್ಲ ಉದುರಿದ ಮೇಲೆ ಹೊತ್ತಿಕೊಂಡಂತೆ ನಿಲ್ಲುವ ಮುತ್ತುಗ, ಬೆಂಗಳೂರಿನ ಅಠಾರಾ ಕಚೇರಿಯ ಗೋಡೆ, ಹಳ್ಳಿಯ ತಿರುವಿನಲ್ಲಿ ಧೂಳೆಬ್ಬಿಸುವ ಕೆಂಪು ಬಸ್ಸು. ತಿಂಗಳಿಗೊಮ್ಮೆ ಊರಿಗೆ ಹೋದಾಗ ಎಲ್ಲವನ್ನೂ ಅಮ್ಮನ ಮುಂದೆ ಹರಡುತ್ತಿದ್ದೆ. ಅವಳು ಒಂದೊಂದನ್ನೂ ನಿಧಾನವಾಗಿ ನೋಡಿ, "ಚೆಂದ ಇದೆ. ಆದರೆ ಇದಲ್ಲ" ಎನ್ನುತ್ತಿದ್ದಳು.

ಕೆಂಪು ಎಷ್ಟು ಹಟಮಾರಿ ಬಣ್ಣ ಎಂಬುದನ್ನು ನನಗೆ ಕಲಿಸಿದ್ದು ಹಿತ್ತಲಿನ ದಾಸವಾಳ. ಬೆಳಗಿನ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಎಸಳಿನ ಮಡಿಕೆ, ನರ, ನೆರಿಗೆ ಒಂದೂ ಇರಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತಿತ್ತು. ಕ್ಯಾಮೆರಾದ ಬೆಳಕಿನ ಲೆಕ್ಕ ಇಡೀ ದೃಶ್ಯದ ಸರಾಸರಿಯನ್ನು ನೋಡಿ ಎಲ್ಲ ಸರಿಯಿದೆ ಎನ್ನುತ್ತದೆ. ಆದರೆ ಅದರೊಳಗೆ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪಾತ್ರೆಗಳಿವೆ. ಕಡುಕೆಂಪು ಹೂವಿನ ಎದುರು ಕೆಂಪಿನ ಪಾತ್ರೆಯೊಂದೇ ತುಂಬಿ ತುಳುಕುತ್ತದೆ, ತುಳುಕಿದ್ದರಲ್ಲಿದ್ದ ವಿವರ ಮತ್ತೆ ಸಿಗುವುದಿಲ್ಲ. ಕಣ್ಣಿಗೆ ಹಿತವೆನಿಸುವುದಕ್ಕಿಂತ ಬೆಳಕನ್ನು ಒಂದು ಹಂತ ಕಡಿಮೆ ಮಾಡಿ ತೆಗೆದಾಗಲೇ ದಾಸವಾಳದ ನರಗಳು ಕಂಡವು.

ಫೆಬ್ರುವರಿಯ ಒಂದು ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದೆ. ಇಷ್ಟೊಂದು ಕೆಂಪು ಒಂದೇ ಕಡೆ ಬೇರೆಲ್ಲಿ ಸಿಗುತ್ತದೆ? ಮಾರುಕಟ್ಟೆ ಕಣ್ಣಿಗೆ ಬೀಳುವ ಮೊದಲೇ ಘಾಟು ಮೂಗಿಗೆ ಬಿತ್ತು. ಒಳಗೆ ಹೋದ ಮೇಲೆ ಸೀನು, ಕೆಮ್ಮು, ಕಣ್ಣೀರು. ಚೀಲಗಳ ಸಾಲುಗಳು ದೃಷ್ಟಿ ಹರಿದಷ್ಟು ದೂರ. ರೈತರೊಬ್ಬರು ಎರಡು ಕಾಯಿಗಳನ್ನು ನನ್ನ ಅಂಗೈಯಲ್ಲಿಟ್ಟರು. ದಪ್ಪಗೆ, ಗಿಡ್ಡಗೆ ಇರುವುದು ಡಬ್ಬಿ. ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕಾಗಿರುವುದು ಕಡ್ಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿಯ ಬೆಲೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಇದರಿಂದ ತೆಗೆದ ಕೆಂಪು ಅಡುಗೆಯ ಆಚೆಗೂ ಹೋಗಿ ತುಟಿಯ ಬಣ್ಣಕ್ಕೂ ಬಳಕೆಯಾಗುತ್ತದೆ.

ಮಧ್ಯಾಹ್ನದವರೆಗೆ ರಾಶಿಗಳನ್ನೇ ತೆಗೆದೆ. ಒಂದೂ ಮನಸ್ಸಿಗೆ ಬರಲಿಲ್ಲ. ಕೆಂಪಿನ ಬೆಟ್ಟ ನಿಜಕ್ಕೂ ಎದುರಿಗಿತ್ತು, ಚಿತ್ರದಲ್ಲಿ ಅದು ಬರಿಯ ಹಾಸು.

ಒಂದು ನೆರಳಿನಲ್ಲಿ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಮೂಗು ಬಾಯಿಗೆ ಬಟ್ಟೆ, ಕಣ್ಣಷ್ಟೇ ಹೊರಗೆ. ಮುಖ ಬೇಡ, ಕೈ ಬೇಕಾದರೆ ತೆಗೆಯಿರಿ ಎಂದರು ಒಬ್ಬರು. ಪಕ್ಕದಲ್ಲಿ ಕುಳಿತೆ. ಅವರ ಮುಂದೆ ಎರಡು ಗುಡ್ಡೆಗಳಿದ್ದವು. ವ್ಯತ್ಯಾಸವೇನೆಂದು ನನಗೆ ತಿಳಿಯಲಿಲ್ಲ. "ಇದು ಈ ವರ್ಷದ್ದು, ಅದು ಹೋದ ವರ್ಷದ್ದು, ಶೀತಲಗೃಹದಲ್ಲಿ ಇಟ್ಟದ್ದು. ಕಾಣುವುದಿಲ್ಲವೇ?" ಎಂದು ಕೇಳಿದರು. ಹತ್ತು ತಿಂಗಳಿಂದ ಕೆಂಪಿನ ಹಿಂದೆ ಬಿದ್ದಿದ್ದ ನನಗೆ ನಿಜವಾಗಿಯೂ ಕಾಣಲಿಲ್ಲ. ಅವರು ಒಂದೊಂದು ಕಾಯಿಯನ್ನು ಬೆಳಕಿಗೆ ಹಿಡಿದರು. ಆಗ ಕಂಡಿತು: ಒಂದರ ಕೆಂಪಿನೊಳಗೆ ಬೆಳಕು ಇಳಿಯುತ್ತಿತ್ತು, ಇನ್ನೊಂದರಲ್ಲಿ ಕಂದುಛಾಯೆ ಮೆಲ್ಲಗೆ ಕೂತಿತ್ತು.

ಮನೆಗೆ ಹೋದ ಮೇಲೂ ಬೆರಳುಗಳ ಉರಿ ಇಳಿಯುವುದಿಲ್ಲ, ಚಿಕ್ಕ ಮಗುವಿನ ಮುಖ ಮುಟ್ಟಲು ಹೆದರಿಕೆ ಎಂದರು. ಆ ಉರಿ ನನ್ನ ಯಾವ ಚಿತ್ರದಲ್ಲೂ ಇಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೂರ್ಯ ಮುಳುಗಿದ ಮೇಲೂ ಅವರ ಕೈ ನಿಂತಿರಲಿಲ್ಲ. ನಾನೂ ಏಳಲಿಲ್ಲ. ಮುಸ್ಸಂಜೆಯಲ್ಲಿ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ಬೆಳಕು ಇಳಿದಂತೆ ನಮ್ಮ ಕಣ್ಣು ಕೆಂಪನ್ನು ಕೈಬಿಡುತ್ತದೆ, ಹಸಿರು ನೀಲಿಗಳನ್ನು ಇನ್ನಷ್ಟು ಹೊತ್ತು ಹಿಡಿದುಕೊಂಡಿರುತ್ತದೆ. ರಾಶಿ ಮೊದಲು ಮಾಗಿದ ನೇರಳೆಯಂತೆ, ಆಮೇಲೆ ಹೆಪ್ಪುಗಟ್ಟಿದ ಕತ್ತಲೆಯಂತೆ ಕಂಡಿತು. ಕ್ಯಾಮೆರಾಕ್ಕೆ ಈ ಸಂಜೆಗಣ್ಣು ಇಲ್ಲ. ಅದು ಮಧ್ಯಾಹ್ನದ ಕೆಂಪನ್ನೇ ಮತ್ತೆ ಎಳೆದು ತಂದು ತೋರಿಸಿತು. ಎರಡು ಹಂತ ಬೆಳಕು ಇಳಿಸಿ, ನನ್ನ ಕಣ್ಣು ಕಂಡಷ್ಟನ್ನೇ ಉಳಿಸಿದೆ. ಚಿತ್ರದಲ್ಲಿ ಎರಡು ಕೈ, ಬೆರಳ ತುದಿಯಲ್ಲಿ ಒಂದು ಕಾಯಿ, ಅದರ ಸುಕ್ಕಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು. ಉಳಿದದ್ದೆಲ್ಲ ಕಪ್ಪು.

ಊರಿಗೆ ಹೋದಾಗ ಅಮ್ಮ ರಾಶಿಗಳ ಚಿತ್ರಗಳನ್ನೆಲ್ಲ ದಾಟಿ ಬಂದು ಇದರಲ್ಲಿ ನಿಂತಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಇದೇ" ಎಂದಳು.

"ಇಷ್ಟು ಕಪ್ಪೇ?"

"ನಮ್ಮದು ಗೋಧೂಳಿ ಲಗ್ನ. ಅಕ್ಷತೆ ಬೀಳುವ ಹೊತ್ತಿಗೆ ಕತ್ತಲಾಗಿತ್ತು, ಪೆಟ್ರೋಮ್ಯಾಕ್ಸ್ ಇನ್ನೂ ಹೊತ್ತಿಸಿರಲಿಲ್ಲ. ತಲೆ ತಗ್ಗಿಸಿ ಕುಳಿತವಳಿಗೆ ಮಡಿಲ ಮೇಲಿನ ನೆರಿಗೆಯಷ್ಟೇ ಕಾಣುತ್ತಿತ್ತು. ಹೀಗೆಯೇ ಇತ್ತು."

ಮರುದಿನ ಆ ಚಿತ್ರವನ್ನು ಪ್ರಿಂಟ್ ಹಾಕಿಸಲು ಪೇಟೆಗೆ ಹೋದೆ. ತುಂಬ ಕಪ್ಪಾಗಿದೆ, ಸ್ವಲ್ಪ ಬೆಳಕು ಹೆಚ್ಚಿಸಲೇ ಎಂದು ಅಂಗಡಿಯ ಹುಡುಗ ಎರಡು ಸಲ ಕೇಳಿದ. ಎರಡು ಸಲವೂ ಬೇಡ ಎಂದೆ.