ಉಗ್ಗೋ ಮಕ್ಕಳಿಗೆ ಶಾಲೇಲೇ ಒಂದು ಗುಂಪು ಬೇಕು

ಇಡೀ ಕ್ಲಾಸ್ ಜೊತೆ ಮಗ್ಗಿ ಹೇಳುವಾಗ ನನ್ನ ಮಗ ಒಂದ್ಸಲಾನೂ ತಡವರಿಸಲ್ಲ, ಅದೇ ಒಬ್ಬನೇ ಎದ್ದು ನಿಂತು ಪಾಠ ಓದು ಅಂದ್ರೆ ಮೊದಲ ಅಕ್ಷರಕ್ಕೇ ಗಂಟಲು ಕಟ್ಕೊಳ್ಳುತ್ತೆ. ಆಗ ಬರೋದು ಈಗ ಯಾಕೆ ಬರಲ್ಲ, ಬೇಕಂತಲೇ ಮಾಡ್ತಾನೆ ಅಂತಾರೆ ಕೆಲವು ಟೀಚರ್‌ಗಳು. ಬೇಕಂತ ಅಲ್ಲ ಕಣ್ರೀ, ಬೇರೆಯವರ ದನಿ ಜೊತೆ ದನಿ ಸೇರಿಸಿದಾಗ, ಹಾಡುವಾಗ ಹೆಚ್ಚಿನವರಿಗೆ ಉಗ್ಗು ಬರೋದೇ ಇಲ್ಲ.

100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಚಿಕ್ಕಂದಿನಲ್ಲಿ ಉಗ್ಗು ಶುರುವಾಗುತ್ತೆ, ಬಹುಪಾಲು ತಾನಾಗೇ ಹೋಗುತ್ತೆ. ಹೋಗದೇ ಉಳಿದವರು ಒಂದೊಂದು ಕ್ಲಾಸಲ್ಲಿ ಒಬ್ಬರೋ ಏನೋ, ಹಾಗಾಗಿ ಇಡೀ ಊರಲ್ಲಿ ತನಗೊಬ್ಬನಿಗೇ ಹೀಗೆ ಅಂದ್ಕೊಂಡು ಬೆಳೀತಾರೆ. ಮನೇಲಿ ನಮ್ಮತ್ತೆ ಬಜೆ ತೇದು ನಾಲಿಗೆಗೆ ಹಚ್ಚಿದ್ರು, ಪಾಪ ಅವರಿಗೂ ಸಂಕಟ.

ಮಗನಿಗೆ ಮಾತಿನ ತರಬೇತಿ ಕೊಡೋ ಥೆರಪಿಸ್ಟ್ ಮೇಡಂ ಒಬ್ಬೊಬ್ಬರಿಗೇ ಮಾಡೋದನ್ನ ಬಿಟ್ಟು ನಾಲ್ಕೈದು ಮಕ್ಕಳನ್ನ ಒಟ್ಟಿಗೆ ಕೂರಿಸಿದ್ಮೇಲೆ ನನಗೆ ಗುಂಪಿನ ಬೆಲೆ ಗೊತ್ತಾಯ್ತು. ಅಂಗಡಿ ಆಟ ಆಡಿಸ್ತಾರೆ. ಮೊದಲು ಅವರೇ ಬೇಕಂತ ಉಗ್ಗಿ "ಪ್-ಪ್-ಪೆನ್ಸಿಲ್ ಕೊಡಪ್ಪ" ಅಂತಾರೆ, ಆಮೇಲೆ ಮಕ್ಕಳೂ ಹಾಗೇ ಉಗ್ಗಿ ಕೇಳ್ಬೇಕು, ಅದರಿಂದ ಉಗ್ಗಿನ ಭಯ ಕಮ್ಮಿ ಆಗುತ್ತೆ. ಆಮೇಲೆ ತುಟಿ ಬಿಗಿಯಾಗಿ ಒತ್ತದೆ ಮೆಲ್ಲಗೆ ತಾಗಿಸಿ "ಪ" ಹೇಳೋದು. ಅವತ್ತು ಒಬ್ಬಳು ಹುಡುಗಿ, ಹಾಜರಿ ಕರೆದಾಗ "ಪ್ರೆಸೆಂಟ್" ಬರಲ್ಲ, ಅದಕ್ಕೆ "ಎಸ್ ಮಿಸ್" ಅಂತೀನಿ ಅಂದ್ಲು. ನನ್ನ ಮಗ ಕೂತಲ್ಲಿಂದ ಎದ್ದೇಬಿಟ್ಟ, "ನಾ-ನಾ-ನಾನೂ ಹಂಗೇ ಮಾಡ್ತೀನಿ!" ಆಮೇಲೆ ಅವರಿಬ್ರೂ ಯಾವ್ಯಾವ ಪದ ಬದಲಾಯಿಸ್ತಾರೆ, ಹೆಸರು ಕೇಳಿದ್ರೆ ಮಾತ್ರ ಬದಲಾಯಿಸಕ್ಕಾಗಲ್ಲ ಅಂತೆಲ್ಲ ಮಾತಾಡಿದ್ದೇ ಮಾತಾಡಿದ್ದು. ಇಷ್ಟು ದಿನ ಇದನ್ನ ನನ್ನ ಹತ್ರಾನೂ ಹೇಳಿರಲಿಲ್ಲ ಅವನು.

ಮೈಸೂರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿ ಓದಿದ ಥೆರಪಿಸ್ಟ್‌ಗಳು ಎಲ್ಲೆಲ್ಲೋ ಇದ್ದಾರೆ, ನಮ್ಮ ಹೆಚ್ಚಿನ ಶಾಲೆಗಳಲ್ಲಿ ಮಾತ್ರ ಇಲ್ಲ. ಕೂಲಿ ಬಿಟ್ಟು ಬಸ್ ಹತ್ತಿ ಮಗೂನ ಕರ್ಕೊಂಡು ಹೋಗೋದು ಎಷ್ಟು ತಾಯಂದಿರಿಗೆ ಆಗುತ್ತೆ? ಒಂದು ಶಾಲೇಲಿ ಮಕ್ಕಳು ಸಾಲದಿದ್ರೆ ಕ್ಲಸ್ಟರ್‌ನ ನಾಲ್ಕಾರು ಶಾಲೆ ಮಕ್ಕಳನ್ನ ಶನಿವಾರ ಒಂದು ಕಡೆ ಸೇರಿಸಿ, ಒಬ್ಬರು ಥೆರಪಿಸ್ಟ್‌ನ ಕರೆಸಬಹುದಲ್ವಾ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ನಾನಂತೂ ಇದನ್ನ ಕೇಳೇ ಕೇಳ್ತೀನಿ, ನಿಮ್ಮೂರಲ್ಲಿ ನೀವೂ ಕೇಳಿ.