ಹಿಡಿಯುವ ಸಾಮಾನು, ಕೊಯ್ಯುವ ಸಾಮಾನು

ಬೀದರಿನ ಹಳೆಯ ಊರಿನೊಳಗಿರುವ ನಮ್ಮ ಮನೆಯ ಗೋಡೆಗಳು ಇಟ್ಟಿಗೆಯವಲ್ಲ, ಊರವರು ಕೆಂಪುಕಲ್ಲು ಎಂದು ಕರೆಯುವ ಜಂಬಿಟ್ಟಿಗೆಯವು. ನೆಲದಿಂದ ಆಗತಾನೇ ತೆಗೆದಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲು ಹೊರಗಿನಿಂದ ಎಷ್ಟು ಬಲವಾಗಿ ಕಂಡರೂ ಒಳಗೆಲ್ಲ ತೂತು ತೂತಾಗಿ, ಆ ತೂತುಗಳಲ್ಲಿ ಮಣ್ಣು ತುಂಬಿಕೊಂಡಿರುತ್ತದೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಇದೇ ಕಲ್ಲಿನಲ್ಲಿ ಕಡಿದಿದ್ದಾರೆ, ನೌಬಾದಿನ ಸುರಂಗ ಬಾವಿಯನ್ನೂ ಇದರೊಳಗಿಂದಲೇ ಕೊರೆದು ಕೆಳಗಿನ ಕರಿಕಲ್ಲಿನ ಮೇಲೆ ಹರಿಯುವ ನೀರನ್ನು ಹಿಡಿದಿದ್ದಾರೆ. ಇದೆಲ್ಲ ತಿಳಿದಿದ್ದೂ, ಅದೇ ಕಲ್ಲಿನ ಗೋಡೆಗೆ ಪುಸ್ತಕದ ಹಲಗೆಯೊಂದನ್ನು ಕೂಡಿಸುವುದಕ್ಕೆ ನನ್ನಿಂದ ಆಗಲಿಲ್ಲ.

ಮನೆಯಲ್ಲೇ ಕುಳಿತು ಫೋನಿನಲ್ಲಿ ತರಿಸಿದ ಇಂಪ್ಯಾಕ್ಟ್ ಡ್ರಿಲ್ ಅದಾಗಿತ್ತು. ನಿಮಿಷಕ್ಕೆ 2800 ಸುತ್ತು, 44,800 ಹೊಡೆತ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಸರಿಯಾಗಿ 16 ಬರುತ್ತದೆ, ಅಂದರೆ ಒಳಗಿರುವ ಎರಡು ಹಲ್ಲಿನ ಬಿಲ್ಲೆಗಳು ಸುತ್ತೊಂದಕ್ಕೆ 16 ಸಲ ಒಂದರ ಮೇಲೊಂದು ಹತ್ತಿ ಇಳಿಯುತ್ತವೆ ಎಂದು ಲೆಕ್ಕ ಹಾಕಿ ನಾನು ಬಹಳ ಸಂತೋಷಪಟ್ಟಿದ್ದೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವಳಿಗೆ ಅಷ್ಟು ಸಾಕಾಗುತ್ತದೆ. ಆದರೆ ಆ ಹೊಡೆತಗಳೆಲ್ಲ ಕಾಂಕ್ರೀಟಿಗೆ ಬೇಕಾದವು. ನಮ್ಮ ಗೋಡೆಯಲ್ಲಿ ಅವು ಕಲ್ಲನ್ನು ಕೊರೆಯುವ ಬದಲು ಉದುರಿಸಿದವು, 8 ಮಿಲಿಮೀಟರಿನ ಕೊರೆಯುವ ಬಿಟ್ಟನ್ನು ಹಾಕಿದಲ್ಲಿ ಹೆಬ್ಬೆರಳು ಹೋಗುವಷ್ಟು ತೂತಾಯಿತು. ಅದರೊಳಗೆ ಪ್ಲಾಸ್ಟಿಕ್ ಗಟ್ಟ ತುರುಕಿ, ಸಿಮೆಂಟು ಮೆತ್ತಿ, ಸ್ಕ್ರೂ ತಿರುಗಿಸಿ ಹಲಗೆ ಕೂಡಿಸಿದೆ. ಮೂರನೆಯ ರಾತ್ರಿ ಹಲಗೆ ಪುಸ್ತಕಗಳ ಸಮೇತ ಕೆಳಗೆ ಬಂತು. ಪಕ್ಕದ ಮನೆಯವರು ಕಳ್ಳ ಬಂದನೆಂದು ಎದ್ದು ಬಂದಿದ್ದರು.

ಬೇಸಿಗೆ ರಜೆಯಲ್ಲಿ ಹಿತ್ತಲ ಪಡಸಾಲೆಯನ್ನು ಸಣ್ಣ ಕೆಲಸದ ಕೋಣೆಯನ್ನಾಗಿ ಮಾಡಿಕೊಳ್ಳಬೇಕು, ಕಪಾಟು, ಸ್ಟೂಲು, ಬಾಗಿಲ ರಿಪೇರಿಯಂಥ ಕೆಲಸಗಳನ್ನು ನಾನೇ ಮಾಡಬೇಕು ಎಂಬ ಹಟ ಹುಟ್ಟಿದ್ದು ಆ ರಾತ್ರಿಯೇ. ಮರುದಿನ ಕೂತು ಹದಿನಾಲ್ಕು ಸಾಮಾನುಗಳ ಪಟ್ಟಿ ಮಾಡಿದೆ. ನಮ್ಮ ಓಣಿಯ ತುದಿಗೆ ಇರುವ ಬಡಿಗತನದ ಹಿರಿಯರೊಬ್ಬರನ್ನು ನಾವೆಲ್ಲ ಮಿಸ್ತ್ರಿ ಕಾಕಾ ಎನ್ನುತ್ತೇವೆ. ನಮ್ಮ ಮನೆಯ ಸಾಗವಾನಿ ಬಾಗಿಲನ್ನು ಎರಡು ಸಲ ಕೆತ್ತಿ ಕೂಡಿಸಿದವರು ಅವರೇ. ಅವರ ಮುಂದೆ ಪಟ್ಟಿ ಓದಿದೆ: ಚಕ್ರ ತಿರುಗಿಸಿ ಕೊಯ್ಯುವ ಗ್ರೈಂಡರ್, ಜಿಗ್‌ಸಾ, ಮರ ನುಣುಪು ಮಾಡುವ ಎಲೆಕ್ಟ್ರಿಕ್ ರಂದಾ, ಎರಡು ಗರಗಸ, ಆರು ಉಳಿಗಳ ಸೆಟ್ಟು, ಕಟರ್, ಬಿಟ್ಟುಗಳ ಡಬ್ಬಿ, ಹೀಗೆ. ಅವರು ಬೀಡಿ ಆರಿಸಿ, ಎಲ್ಲ ಕೇಳಿಸಿಕೊಂಡು, ಒಂದೇ ಮಾತು ಕೇಳಿದರು.

“ಎಲ್ಲಾ ಕೊಯ್ಯಾವೇ ಅದಾವಲ್ಲ ಯವ್ವಾ, ಹಿಡಿಯಾದು ಯಾವ್ದು?”

ನಾನು ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಹಿಡಿಯುವ ಸಾಮಾನು ಎಂಬುದು ಅದರಲ್ಲಿ ಒಂದೂ ಇರಲಿಲ್ಲ. ಕಾಕಾ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಎಡಗಾಲಿನ ಹಿಮ್ಮಡಿಯಲ್ಲಿ ಹಲಗೆಯನ್ನು ಒತ್ತಿ, ಬಲಗಾಲಿನ ಬೆರಳುಗಳಿಂದ ಅದರ ಅಂಚನ್ನು ಹಿಡಿದು, ಗರಗಸವನ್ನು ತಮ್ಮ ಕಡೆಗೆ ಎಳೆದು ಕೊಯ್ದು ತೋರಿಸಿದರು. ಅರವತ್ತು ವರ್ಷ ಹಾಗೆ ಕುಳಿತವರಿಗೆ ಕಾಲೇ ಶಿಕಂಜ, ಹಲಗೆ ಬಿಗಿಹಿಡಿಯುವ ದವಡೆ. ನನಗಾದರೋ ಎರಡು ವರ್ಷದ ಹಿಂದೆಯೇ ವೈದ್ಯರು ನೆಲದ ಮೇಲೆ ಕೂಡಬೇಡಿ ಎಂದು ಮೊಣಕಾಲಿಗೆ ಬೇಲಿ ಹಾಕಿದ್ದರು. ಎರಡು ಕೈಯಲ್ಲಿ ಒಂದು ಹಲಗೆಯನ್ನು ಹಿಡಿದರೆ ಗರಗಸ ಹಿಡಿಯುವ ಕೈ ಉಳಿಯುವುದಿಲ್ಲ ಎಂಬುದು ಇಷ್ಟು ದಿನ ನನಗೆ ಹೊಳೆಯದೆ ಇದ್ದುದೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಾಕಾ ಜೊತೆಗೆ ಗಾಂಧಿ ಗಂಜ್ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹೊರಗೆ ಬಿಸಿಲು ಆಗಲೇ ಏರಿತ್ತು. ಅಂಗಡಿಯವರು ನನ್ನನ್ನು ದಾಟಿ ಕಾಕಾನ ಮುಖ ನೋಡಿ “ಏನ್ ಬೇಕ್ರಿ ಮಿಸ್ತ್ರಿ?” ಎಂದರು. ಕಾಕಾ ಬಾಯಿ ತೆರೆಯದೆ ಸ್ಟೂಲಿನ ಮೇಲೆ ಕುಳಿತು ನನ್ನ ಕಡೆ ಕೈ ತೋರಿಸಿದರು. ಆಮೇಲೂ ಅರ್ಧ ಗಂಟೆಯವರೆಗೆ ಪ್ರಶ್ನೆ ನಾನು ಕೇಳುವುದು, ಉತ್ತರ ಅವರಿಗೆ ಹೋಗುವುದು ಹೀಗೇ ನಡೆಯಿತು.

ಆ ಕ್ರಮ ಬದಲಾದದ್ದು ಗುಣಿಯಾದಿಂದ. ಲಂಬಕೋನ ನೋಡುವ, ಮೂಲೆಮಟ್ಟ ಎಂದು ನಾವು ಪುಸ್ತಕದಲ್ಲಿ ಬರೆಯುವ ಸಾಮಾನನ್ನು ಇಲ್ಲಿ ಎಲ್ಲರೂ ಗುಣಿಯಾ ಎನ್ನುತ್ತಾರೆ. ಅಂಗಡಿಯವರು ಆರಿಂಚಿನ ಒಂದನ್ನು ಕಾಗದದಿಂದ ಬಿಚ್ಚಿ ಕೊಟ್ಟರು. ನಾನು ಒಂದು ಪೆನ್ಸಿಲನ್ನೂ ಅಂಚು ನೇರವಾಗಿರುವ ಪ್ಲೈವುಡ್ ತುಂಡನ್ನೂ ಕೇಳಿದೆ. ಗುಣಿಯಾದ ಹಿಡಿಯನ್ನು ತುಂಡಿನ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಬೇಕು. ಬಳಿಕ ಗುಣಿಯಾವನ್ನು ಮಗುಚಿ ಹಾಕಿ, ಅದೇ ಬಿಂದುವಿನಿಂದ, ಅದೇ ಅಂಚಿಗೆ ಒತ್ತಿ, ಇನ್ನೊಂದು ಗೆರೆ ಎಳೆಯಬೇಕು. ಕೋನ ನಿಜವಾಗಿ 90 ಇದ್ದರೆ ಎರಡೂ ಗೆರೆ ಒಂದೇ ಆಗುತ್ತವೆ. ಇಲ್ಲದಿದ್ದರೆ ಮೇಲ್ತುದಿಯಲ್ಲಿ ಅಗಲುತ್ತವೆ, ಮತ್ತು ಆ ಅಂತರ ಗುಣಿಯಾದ ತಪ್ಪಿನ ಎರಡರಷ್ಟಿರುತ್ತದೆ. ಇದಕ್ಕೆ ಇನ್ನೊಂದು ಸರಿಯಾದ ಗುಣಿಯಾ ಬೇಡ, ಯಂತ್ರ ಬೇಡ. ತಪ್ಪು ತಾನೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತದೆ. ಮೊದಲನೆಯದರ ಗೆರೆಗಳು ತುದಿಯಲ್ಲಿ ಸುಮಾರು ಒಂದು ಮಿಲಿಮೀಟರು ಅಗಲಿದವು. ಅಂದರೆ 150 ಮಿಲಿಮೀಟರಿಗೆ ಅರ್ಧ ಮಿಲಿಮೀಟರು ತಪ್ಪು. ಮೂರಡಿ ಎತ್ತರದ ಕಪಾಟಿಗೆ ಅದೇ ತಪ್ಪು ಮೂರು ಮಿಲಿಮೀಟರಾಗಿ, ಬಾಗಿಲು ಚೌಕಟ್ಟಿಗೆ ತಾಗುತ್ತದೆ.

“ಇಷ್ಟ್ ಯಾರೂ ನೋಡಾಂಗಿಲ್ರಿ ಮೇಡಂ” ಎಂದು ಅಂಗಡಿಯವರು ತುಸು ಬೇಸರದಿಂದಲೇ ಎರಡನೆಯದನ್ನು ಕೊಟ್ಟರು. ಅದರ ಅಗಲಿಕೆ ಕೂದಲೆಳೆಯಷ್ಟು. ಮೂರನೆಯದರಲ್ಲಿ ಗೆರೆಗಳು ಒಂದಾದವು. ನನಗೇ ನಂಬಿಕೆಯಾಗದೆ ಪೆನ್ಸಿಲು ಚೂಪು ಮಾಡಿ ಮತ್ತೆ ಎಳೆದೆ, ಮತ್ತೆ ಒಂದೇ ಆಯಿತು. ಅಷ್ಟರಲ್ಲಿ ಬೇಸರ ಹೋಗಿ ಅವರಿಗೂ ಕುತೂಹಲ ಹುಟ್ಟಿತ್ತು. ನಾಲ್ಕನೆಯದನ್ನು ಅವರೇ ಮಗುಚಿ ಗೆರೆ ಎಳೆದು, ಅದು ಮೊದಲನೆಯದಕ್ಕಿಂತಲೂ ಕೆಟ್ಟದ್ದೆಂದು ಕಂಡುಹಿಡಿದು, ಕಾಕಾಗೆ ತೋರಿಸಿದರು. ಕಾಕಾ ತಮ್ಮ ಚೀಲದಿಂದ ಮೂವತ್ತು ವರ್ಷದ ತಮ್ಮ ಗುಣಿಯಾ ತೆಗೆದು ಪರೀಕ್ಷೆಗೆ ಕೊಟ್ಟರು. ಅದು ಪಾಸಾಯಿತು. ಪಾಸಾಗದೆ ಇದ್ದಿದ್ದರೆ ಏನು ಹೇಳಬೇಕಿತ್ತೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ.

ಟೇಪಿನ ವಿಷಯದಲ್ಲಿ ಮಾತ್ರ ಅಂಗಡಿಯವರೇ ನನಗೆ ಪಾಠ ಹೇಳಿದರು. ತುದಿಯ ಕೊಕ್ಕೆ ಅಲುಗಾಡುತ್ತಿದೆ, ಬೇರೆ ಕೊಡಿ ಎಂದೆ. ಅದು ಅಲುಗಾಡಬೇಕು, ಕೊಕ್ಕೆಯ ತಗಡಿನ ದಪ್ಪದಷ್ಟೇ ಅಲುಗಾಡಬೇಕು, ಅಂಚಿಗೆ ಸಿಕ್ಕಿಸಿ ಎಳೆದಾಗ ಒಂದು ಕಡೆ, ಗೋಡೆಗೆ ಒತ್ತಿದಾಗ ಇನ್ನೊಂದು ಕಡೆ ಸರಿದರೆ ಎರಡೂ ಅಳತೆ ಸರಿ ಬರುತ್ತವೆ ಎಂದು ಅವರು ತೋರಿಸಿದರು. ವಾರಕ್ಕೊಬ್ಬರಾದರೂ ಇದೇ ದೂರು ತಂದು ಟೇಪು ವಾಪಸು ಕೊಡುತ್ತಾರಂತೆ, ಕೆಲವರು ಸುತ್ತಿಗೆಯಿಂದ ರಿವೆಟ್ಟು ಜಜ್ಜಿ ಗಟ್ಟಿ ಮಾಡಿಕೊಂಡು ಬರುತ್ತಾರಂತೆ.

ಉಳಿಗಳನ್ನು ಆರಿಸಿದ್ದು ಕಾಕಾ. ಆರರ ಸೆಟ್ಟು ಬೇಡ, ಕಾಲಿಂಚು, ಅರ್ಧ ಇಂಚು, ಒಂದಿಂಚು ಮೂರು ಸಾಕು, ಉಳಿದವು ಜಂಗು ಹಿಡಿಯಲು ಇರುತ್ತವೆ ಎಂದರು. ಪ್ರತಿಯೊಂದರ ಮೂಲೆಗೂ ಕಾನಸನ್ನು, ಅಂದರೆ ಅರವನ್ನು, ಮೆಲ್ಲಗೆ ಆಡಿಸಿ ನೋಡಿದರು. ಗಟ್ಟಿ ಉಕ್ಕಿನ ಮೇಲೆ ಕಾನಸು ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಮೆತ್ತಗಿನದಾದರೆ ಕಚ್ಚುತ್ತದೆ. ಹೊಳಪಾಗಿದ್ದ ಒಂದು ಉಳಿಯನ್ನು ಕಾನಸು ಕಚ್ಚಿತು, ಅದು ಪಕ್ಕಕ್ಕೆ ಹೋಯಿತು. ಅಂಚಿನ ಇಳಿಜಾರು ಎಷ್ಟಿರಬೇಕು ಎಂದು ಕೇಳಿದ್ದಕ್ಕೆ “ದಪ್ಪದ ಎರಡರಷ್ಟು” ಎಂದರು. ದಪ್ಪ ಮೂರು ಮಿಲಿಮೀಟರಾದರೆ ಇಳಿಜಾರಿನ ಉದ್ದ ಆರು. ಎದುರುಬಾಹು ಕರ್ಣದ ಅರ್ಧ. ಕೋನ 30 ಡಿಗ್ರಿ. ಸೈನ್ 30 ಅರ್ಧ ಎಂದು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ, ಅದು ಉಳಿಯ ಮೂತಿಯಲ್ಲಿ ಕುಳಿತಿದೆ ಎಂದು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ. ಹೊಸ ಉಳಿ ಅಂಗಡಿಯಿಂದ ಬರುವಾಗ ಹರಿತವಾಗಿರುವುದಿಲ್ಲ, ಬೆನ್ನನ್ನು ಕಲ್ಲಿನ ಮೇಲೆ ತಿಕ್ಕಿ ಚಪ್ಪಟೆ ಮಾಡದೆ ಅಂಚು ಬಾರದು ಎಂದು ಹೇಳಿ, ಒಂದು ಮುಖ ಒರಟು ಇನ್ನೊಂದು ಮುಖ ನುಣುಪು ಇರುವ ಸಾಣೆಕಲ್ಲನ್ನೂ ಕೊಳ್ಳಿಸಿದರು.

ಗ್ರೈಂಡರಿನ ಮೇಲೆ ಮಾತು ಬೆಳೆಯಿತು. ಮರ ಕೊಯ್ಯುವ ಹಲ್ಲಿನ ಚಕ್ರವನ್ನೇ ನಾಲ್ಕಿಂಚಿನ ಗ್ರೈಂಡರಿಗೆ ಹಾಕಿದರೆ ಒಂದರಲ್ಲೇ ಎಲ್ಲ ಮುಗಿಯುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಅಂಗಡಿಯ ಹುಡುಗ ಬಹಳ ಉತ್ಸಾಹದಿಂದ ಹೇಳಿದ. ಯಂತ್ರದ ಮೇಲೆ 11,000 ಸುತ್ತು ಎಂದು ಬರೆದಿತ್ತು. ನೂರು ಮಿಲಿಮೀಟರಿನ ಚಕ್ರದ ಅಂಚು ಆ ಲೆಕ್ಕದಲ್ಲಿ ಸೆಕೆಂಡಿಗೆ 57 ಮೀಟರಿಗಿಂತ ಹೆಚ್ಚು, ಗಂಟೆಗೆ 200 ಕಿಲೋಮೀಟರು ದಾಟುತ್ತದೆ. ಹಲ್ಲು ಮರದ ಗಂಟಿಗೆ ಸಿಕ್ಕಿಕೊಂಡರೆ ಆ ವೇಗವೆಲ್ಲ ಹಿಡಿದವರ ಕೈಗೆ, ಮುಖಕ್ಕೆ ತಿರುಗುತ್ತದೆ. ಕಾಕಾ ಮಾತಾಡದೆ ತಮ್ಮ ಎಡಗೈಯ ತೋರುಬೆರಳನ್ನು ಮಡಚಿ ಬಿಚ್ಚಿ ತೋರಿಸಿದರು. ಅದು ಪೂರ್ತಿ ಬಿಚ್ಚಲಿಲ್ಲ. ಗ್ರೈಂಡರ್ ಪಟ್ಟಿಯಿಂದ ಹೋಯಿತು. ಅದರ ಹಿಂದೆಯೇ ಕಟರ್, ಎಲೆಕ್ಟ್ರಿಕ್ ರಂದಾ, ಜಿಗ್‌ಸಾ ಹೋದವು. ಜಿಗ್‌ಸಾ ಬಿಟ್ಟದ್ದಕ್ಕೆ ಈಗಲೂ ಒಂದಿಷ್ಟು ಕೊರಗು ಇದೆ, ಮುಂದಿನ ವರ್ಷ ನೋಡೋಣ.

ಉಳಿದ ಹಣವೆಲ್ಲ ಹಿಡಿಯುವ ಸಾಮಾನಿಗೆ. ಬಡಿಗರ ಮೇಜಿಗೆ ಕೂಡಿಸುವ ಅಗಲ ದವಡೆಯ ವೈಸ್, ಅಂದರೆ ಶಿಕಂಜ, ಇಲ್ಲಿ ಇರಲಿಲ್ಲ, ಅದಕ್ಕೆ ಸಿಕಂದರಾಬಾದಿನ ರಾಣಿಗಂಜ್‌ಗೆ ಹೇಳಿ ತರಿಸಬೇಕು, ವಾರವಾಗುತ್ತದೆ ಎಂದರು. ಬೀದರಿನವರು ಅಪರೂಪದ ಯಾವ ಸಾಮಾನಿಗೂ ಹೈದರಾಬಾದಿನ ಬಸ್ಸು ಹತ್ತುವುದು ಹೊಸದೇನಲ್ಲ. ಆದರೆ ರಜೆ ಕರಗುತ್ತಿತ್ತು. ಕಬ್ಬಿಣ ಕೆಲಸದವರ ನಾಲ್ಕಿಂಚಿನ ಬೆಂಚ್ ವೈಸನ್ನೇ ಕೊಂಡೆ. ಅದರ ದವಡೆಗೆ ಹಲ್ಲುಗಳಿರುವುದರಿಂದ ಮರವನ್ನು ಕಚ್ಚಿ ಗಾಯ ಮಾಡುತ್ತದೆ, ಎರಡೂ ಕಡೆ ಬೇವಿನ ಹಲಗೆಯ ತುಂಡು ಇಟ್ಟುಕೊಂಡರೆ ಆಯಿತು ಎಂದು ಕಾಕಾ ಹೇಳಿದರು. ಜೊತೆಗೆ ಆರಿಂಚಿನ ನಾಲ್ಕು ಜಿ ಕ್ಲ್ಯಾಂಪುಗಳು. ಎರಡು ಸಾಕಲ್ಲವೇ ಎಂದದ್ದಕ್ಕೆ, ಅಂಟು ಹಾಕಿದ ದಿನ ನಾಲ್ಕೂ ಸಾಲುವುದಿಲ್ಲ ಎಂದರು. ಅವರು ಹೇಳಿದ್ದು ನಿಜವೆಂದು ಮುಂದೆ ಗೊತ್ತಾಯಿತು. ಬಿಲ್ಲಿನಲ್ಲಿ ಎಲ್ಲದಕ್ಕೂ ನೂರಕ್ಕೆ 18ರಂತೆ ಜಿಎಸ್‌ಟಿ ಬಿತ್ತು. ಪಕ್ಕದಲ್ಲಿ ನಿಂತಿದ್ದ ರೈತರ ಸಲಿಕೆ, ಕುಡುಗೋಲಿಗೆ ಬೀಳಲಿಲ್ಲ, ಅದು ನ್ಯಾಯವೇ.

ಹಿಂದಿರುಗುವಾಗ ಕಾಕಾ ಆಟೋವನ್ನು ಚೌಬಾರಾದ ಕಡೆಯಿಂದ ಸಿದ್ದೀಕ್ ತಾಲೀಮ್ ಎಂಬ ಓಣಿಗೆ ತಿರುಗಿಸಿದರು. ಅವರಿಗೆ ಪರಿಚಯದ ಬಿದ್ರಿ ಉಸ್ತಾದರೊಬ್ಬರು ಅಲ್ಲಿ ಕೆಲಸ ಮಾಡುತ್ತಾರೆ. ಒಂದು ಭಾಗ ತಾಮ್ರಕ್ಕೆ 16 ಭಾಗ ಸತು ಸೇರಿಸಿ ಎರಕ ಹೊಯ್ದ ಹೂಜಿಯೊಂದರ ಮೇಲೆ ಅವರು ಬೆಳ್ಳಿ ತಂತಿ ಕೂಡಿಸಲು ಗೆರೆ ಕೆತ್ತುತ್ತಿದ್ದರು. ದುಂಡನೆಯ, ನುಣುಪಾದ, ಎಲ್ಲಿ ಒತ್ತಿದರೂ ಉರುಳುವ ಹೂಜಿ. ಅದನ್ನು ಹಿಡಿದಿದ್ದುದು ಯಾವ ಕಬ್ಬಿಣವೂ ಅಲ್ಲ, ಕಲ್ಲಿನ ಮೇಲೆ ಕರಗಿಸಿ ಹಾಕಿದ ಮೇಣ. ಕೆಲಸ ಮುಗಿದರೆ ಬಿಸಿ ಮಾಡಿ ಬಿಡಿಸುತ್ತಾರೆ, ಇನ್ನೊಂದನ್ನು ಅಂಟಿಸುತ್ತಾರೆ. ಉಸ್ತಾದರ ಉಳಿಗಳು ಬೆರಳುದ್ದದವು, ಎಲ್ಲವನ್ನೂ ತಾವೇ ತಿಕ್ಕಿ ಮಾಡಿಕೊಂಡವು. ನನ್ನ ಚೀಲದ ಹೊಸ ಉಳಿಗಳನ್ನು ತೆಗೆದು ತೋರಿಸಲು ನನಗೆ ನಾಚಿಕೆಯಾಯಿತು. ಅವರೇ ಕೇಳಿ ತೆಗೆಸಿ, ಅಂಚನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ, ಉಗುರಿನ ಮೇಲೆ ಅದು ಜಾರಿದ್ದನ್ನು ನೋಡಿ, “ಅಭೀ ಬಚ್ಚಾ ಹೈ ಬೇಟಾ”, ಇನ್ನೂ ಮಗು ಅದು, ಎಂದು ನಕ್ಕರು. ಹರಿತವಾದ ಅಂಚು ಉಗುರನ್ನು ಹಿಡಿಯಬೇಕಂತೆ.

ವೈಸನ್ನು ಹಳೆಯ ಓದುಮೇಜಿಗೆ ಬೋಲ್ಟು ಹಾಕಿ ಕೂಡಿಸಲು ಆ ಸಂಜೆ ಪೂರ್ತಿ ಹೋಯಿತು. ಕೂಡಿಸಿ ಹಲಗೆ ಕಚ್ಚಿಸಿ ರಂದಾ ಹೊಡೆದರೆ ಹಲಗೆ ಅಲುಗದೆ ನಿಂತಿತು, ಮೇಜೇ ಪಡಸಾಲೆಯ ಉದ್ದಕ್ಕೂ ನಡೆಯತೊಡಗಿತು. ಹಿತ್ತಲಲ್ಲಿ ಉಳಿದಿದ್ದ ಎರಡು ಶಹಾಬಾದಿ ಫರಸಿ ಕಲ್ಲುಗಳನ್ನು ಮಗನ ಸಹಾಯದಿಂದ ಎತ್ತಿ ಮೇಜಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಇಟ್ಟ ಬಳಿಕ ಅದು ನಿಂತಿತು. ಗೋಡೆಯ ಹಲಗೆಗೆ ಈ ಸಲ ಡ್ರಿಲ್ಲಿನ ಹೊಡೆತದ ಗುಂಡಿಯನ್ನು ಬಂದ್ ಮಾಡಿ, ಬರೀ ತಿರುಗಿಸಿ, ಸಣ್ಣ ಬಿಟ್ಟಿನಿಂದ ಆಳವಾಗಿ ಕೊರೆದು, ವೈಸಿನಲ್ಲಿ ಕೆತ್ತಿದ ಬೇವಿನ ಗೂಟ ಬಡಿದು, ಆ ಗೂಟಕ್ಕೆ ಸ್ಕ್ರೂ ತಿರುಗಿಸಿದೆ. ಎರಡು ತಿಂಗಳಾಯಿತು, ಪುಸ್ತಕಗಳು ಮೇಲೆಯೇ ಇವೆ.

ಕಳೆದ ವಾರ ಅಂಗಡಿಯ ಆ ಹುಡುಗ ಕಾಲೇಜು ಬಿಡುವ ಹೊತ್ತಿಗೆ ಮನೆಗೆ ಬಂದಿದ್ದ. ಹೊಸ ಮಾಲು ಬಂದಿದೆ, ಸೇಠರು ಕಳಿಸಿದ್ದಾರೆ ಎಂದು ಚೀಲದಿಂದ ಎಂಟು ಗುಣಿಯಾ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಚಹಾ ಕುಡಿಯುತ್ತ ಎಂಟಕ್ಕೂ ಗೆರೆ ಎಳೆದೆವು; ಮೂರು ಪಾಸಾದವು. ಆ ಮೂರಕ್ಕೆ ಹುಡುಗ ಸುಣ್ಣದ ಚುಕ್ಕೆ ಇಟ್ಟುಕೊಂಡ. ಉಳಿದ ಐದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. “ಅವ್ನೂ ಮಾರ್ತೇವ್ರಿ ಮೇಡಂ, ಎಲ್ಲಾರೂ ಗೆರಿ ಎಳ್ಯಾಂಗಿಲ್ಲಲ್ರಿ” ಎಂದು ಚೀಲ ಹೆಗಲಿಗೇರಿಸಿ ಹೊರಟ.